ಕೆಳಗಿಡಲಾಗದ ಕೊಂಬು

ಮೂವತ್ತೊಂದು ವರ್ಷ
ಈ ಊರಿನ ಊಟದ ಮೇಜಿನ ತಲೆಗೆ ಕೂತವನು ನಾನು.
ಮದುವೆಯಿರಲಿ, ಮಣ್ಣಿರಲಿ,
ಮೊದಲ ಮಾತು ನನ್ನದು, ಕೊನೆಯ ಗುಟುಕೂ ನನ್ನದೇ.
ಸತ್ತವರ ಹೆಸರಿಗೊಂದು, ಹುಟ್ಟಲಿರುವವರಿಗೊಂದು,
ಅಲಜಾನಿ ಹೊಳೆಗೊಂದು,
ನಿನ್ನೆ ಬೇಲಿಗಾಗಿ ಜಗಳ ತೆಗೆದ ನೆರೆಯವನಿಗೂ ಒಂದು.
ತಮದಾ ಎನ್ನುತ್ತಾರೆ ನಮ್ಮ ಜಾರ್ಜಿಯಾದಲ್ಲಿ.
ಊಟದ ಯಜಮಾನ,
ಎಷ್ಟು ಕುಡಿದರೂ ನಾಲಿಗೆ ತೊದಲದವನು.

ಈಗ ಎದೆಯ ಜೇಬಿನಲ್ಲಿ ಮಾತ್ರೆಯ ಪಟ್ಟಿ.
ಬಾಗಿದಾಗಲೆಲ್ಲ ಚರಪರ ಅನ್ನುತ್ತದೆ,
ಮಿಡತೆ ಸಾಕಿಕೊಂಡವನ ಹಾಗೆ.

ಹೋದ ಚಳಿಗಾಲ ಏನೂ ಆಗಲಿಲ್ಲ, ಅದೇ ಕಷ್ಟ.
ಯಾರೂ ಸಾಯಲಿಲ್ಲ.
ಆಲಿಕಲ್ಲು ಬಳ್ಳಿಗಳನ್ನು ಬಡಿಯಲಿಲ್ಲ.
ಒಂದು ಬೆಳಿಗ್ಗೆ ಬೂಟಿನ ದಾರ ಕಟ್ಟಲು ಬಾಗಿದವನು
ಮಧ್ಯಾಹ್ನದವರೆಗೂ ದಾರ ಹಿಡಿದೇ ಕೂತಿದ್ದೆ.
ಎತೆರಿ ಬಂದಳು. ಏನೂ ಕೇಳದೆ
ಗಂಟು ಹಾಕಿ ಒಳಗೆ ಹೋದಳು.

ತೆಲಾವಿಯ ಡಾಕ್ಟರು ನಾನುಲಿ
(ಅವಳ ದೀಕ್ಷಾಸ್ನಾನದ ಊಟಕ್ಕೂ ನಾನೇ ತಮದಾ)
ಚೀಟಿ ಬರೆಯುತ್ತ, ತಲೆ ಎತ್ತದೆ ಕೇಳಿದಳು:
"ದಿನಕ್ಕೆ ಎಷ್ಟು ಲೋಟ?"
"ಅತಿಥಿ ಬಂದರೆ ಮಾತ್ರ."
"ದಿನಕ್ಕೆ ಎಷ್ಟು ಅತಿಥಿಗಳು, ಬಾದ್ರಿ ಮಾಮ?"

ಮಂಪರು ಮೈಮೇಲೆ ಕುಸಿಯುತ್ತದಂತೆ,
ಒಂದು ಲೋಟಕ್ಕೇ ಮೂರರ ಅಮಲಂತೆ,
ಮಾತ್ರೆ ವಾರಗಟ್ಟಲೆ ಮೇಲೆತ್ತಿದ್ದನ್ನು
ವೈನು ಒಂದೇ ರಾತ್ರಿಯಲ್ಲಿ ಕೆಳಗಿಳಿಸಬಹುದಂತೆ.
ಅಂತೆ, ಅಂತೆ.
ನಾನು ಗೋಡೆಯ ಮೇಲಿನ ಯಕೃತ್ತಿನ ಚಿತ್ರ ನೋಡುತ್ತಿದ್ದೆ.
ಚೆನ್ನಾಗಿ ಬಿಡಿಸಿದ್ದರು.

ಮೇ ತಿಂಗಳು ಗೋಚಾನ ಮಗನ ಮದುವೆ.
ನನ್ನದೂ ಒಂದು ಬುದ್ಧಿವಂತಿಕೆ ನೋಡಿ:
ಒಂದು ಕಾಲುವೆಗೆ ಮಣ್ಣು ಕಟ್ಟಿ ಇನ್ನೊಂದಕ್ಕೆ ನೀರು ಬಿಡುವ ಹಾಗೆ
ಮೂರು ದಿನ ಮುಂಚೆಯೇ ಮಾತ್ರೆ ನಿಲ್ಲಿಸಿದೆ.
ಇಪ್ಪತ್ತಾರು ಹಾರೈಕೆ ಎತ್ತಿದೆ. ಮುದುಕರು ಅತ್ತರು.
ಹೆಣ್ಣಿನ ಕಡೆಯವರು ನನ್ನ ಕೈಗೆ ಮುತ್ತಿಟ್ಟರು.

ಮರುದಿನ ಕಣ್ಣು ಹೊರಳಿಸಿದರೆ ತಲೆಯೊಳಗೆ ಕಿಡಿ.
ನೆಲಮನೆಯಲ್ಲಿ, ಹೂತ ಗುಡಾಣಗಳಲ್ಲೊಂದರ ಬಾಯಿ ತೆರೆದಿತ್ತು.
ಬಗ್ಗಿ ನೋಡಿದೆ. ಕಪ್ಪು ವೈನಿನಲ್ಲಿ ನನ್ನ ಮುಖ.
ಕರೆಯಿತು ಅನ್ನಲಾರೆ,
ಕರೆಯಲಿಲ್ಲ ಎಂದೂ ಅನ್ನಲಾರೆ.
ಎತೆರಿ ಹಿಂದಿನಿಂದ ಕಾಲರಿಗೇ ಕೈ ಹಾಕಿದಳು,
ಪರರ ತೋಟಕ್ಕೆ ನುಗ್ಗಿದ ಮೇಕೆಯನ್ನು ಎಳೆದು ತರುವಂತೆ.

ನಾನುಲಿ ಫೋನಿನಲ್ಲಿ ಬಯ್ಯಲಿಲ್ಲ. ಅಷ್ಟೇ ಅಂದಳು:
"ಲೋಟ ಬಿಡು ಅಂದಿದ್ದೆ, ಮಾಮ.
ಮಾತ್ರೆ ಬಿಡು ಅಂತ ಯಾವಾಗ ಅಂದೆ?"

ಇವತ್ತು ದ್ರಾಕ್ಷಿ ಕೊಯ್ಲಿನ ಊಟ.
ಬೆಳ್ಳಿಯ ಅಂಚಿನ ಟಗರಿನ ಕೊಂಬು ಕೈಗೆ ಬಂತು.
ಕೊಂಬಿಗೆ ತಳವಿಲ್ಲ, ಬರಿದಾಗದೆ ಕೆಳಗಿಡುವಂತಿಲ್ಲ.
ಹೂಜಿ ಎತ್ತಿದ ಗೋಚಾನನ್ನು ತಡೆದು
ಮಕ್ಕಳ ಕಡೆಯಿಂದ ಟಾರಗನ್ ಶರಬತ್ತಿನ ಬಾಟಲಿ ತರಿಸಿದೆ.
ಹಸಿರು ಅಂದರೆ ಹಸಿರು, ಬಾಗಿಲಿಗೆ ಬಳಿಯುವ ಬಣ್ಣದಂಥದು.
ಮೇಜು ಸ್ತಬ್ಧ.
"ಬಾದ್ರಿಗೆ ಕೊಂಬು ಬಂತು" ಎಂದರು ಯಾರೋ.
ನಕ್ಕರು. ನಾನೂ ನಕ್ಕೆ.
ಸತ್ತವರನ್ನು ಶರಬತ್ತಿನಲ್ಲಿ ನೆನೆದೆ,
ಅವರೇನೂ ದೂರು ಹೇಳಲಿಲ್ಲ.
ಮಾತು ಮಾತ್ರ ಹತ್ತನೆಯ ಹಾರೈಕೆಗೇ ಒಣಗಿತು,
ಅದು ನಿಜ. ಗೋಚಾ ಮುಂದುವರಿಸಿದ.

ಆಸೆಯಿಲ್ಲ ಅಂದರೆ ಸುಳ್ಳು.
ಕೊಟ್ಟಿಗೆಯ ಹಿಂದೆ ಹೋಗಿ ನಿಂತೆ.
ಗಡಿ ಕಾವಲಿನಿಂದ ಬಂದ ಹುಡುಗ ಲೆವಾನಿ
ಬೆಂಕಿಪೊಟ್ಟಣ ಹುಡುಕುವವನಂತೆ ಹತ್ತಿರ ಬಂದ.
"ನಿಮ್ಮದೆಷ್ಟು?"
"ಏನೆಷ್ಟು?"
"ಮಿಲಿಗ್ರಾಂ."
"ಐವತ್ತು."
"ನನ್ನದು ನೂರು," ಎಂದ,
ಎಕರೆಗಿಷ್ಟು ದ್ರಾಕ್ಷಿ ಬಂತು ಎಂದು ಹೇಳುವವನ ದನಿಯಲ್ಲಿ.

ಒಳಗೆ ನೆಲದಡಿ ಹೊಸ ರಸ ಹುದುಗುತ್ತಿತ್ತು.
ದಿನಕ್ಕೆ ಮೂರು ಸಲ ಸಿಪ್ಪೆಯನ್ನು ಒತ್ತಿ ಮುಳುಗಿಸಬೇಕು,
ಇಲ್ಲದಿದ್ದರೆ ಹುಳಿಯಾಗುತ್ತದೆ.
ಕೋಲು ಅವನ ಕೈಗೆ ಕೊಟ್ಟೆ.