ವೇಗಕ್ಕೆ ಜೀವ

ಮಂಡಕಳ್ಳಿಯ ನಮ್ಮ ಶಾಲೆಯಲ್ಲಿ ಪ್ರತಿ ಹುಡುಗನಿಗೂ ಒಂದು ಫಾರಂ.
ಏರಿಸುವುದು, ಇಳಿಸುವುದು, ರೇಡಿಯೊ ಮಾತು,
ಕೊನೆಗೆ ಒಂದು ಇಕ್ಕಟ್ಟಾದ ಖಾನೆ: ಸ್ವಭಾವ.
ರೇಚಣ್ಣನಿಗೆ ಬರೆದಿದ್ದೆ,
"ಸಾಧು. ಹೇಳಿದ್ದು ಕೇಳುತ್ತಾನೆ."
ಹೊಗಳಿಕೆಯೆಂದೇ ಬರೆದದ್ದು.
ನನ್ನ ಸ್ವಭಾವಕ್ಕೆ ಖಾನೆ
ಯಾವ ಫಾರಮ್ಮಿನಲ್ಲೂ ಇಲ್ಲ.

ಆ ಬೆಳಗ್ಗೆ ಬೆಟ್ಟಕ್ಕೆ ಸೊಂಟದವರೆಗೆ ಮಂಜು.
ಕರಗಲೆಂದು ಕಾದೂ ಕಾದೂ ನನ್ನ ತಲೆಯೂ ಕಾದಿತ್ತು.
ಹಾರುವ ಮುನ್ನ ವಿಮಾನ ಸುತ್ತಿ ನೋಡುವುದು ಅವನ ಕೆಲಸ.
ಪಟ್ಟಿ ಕಿತ್ತುಕೊಂಡೆ:
"ಹೆಣ್ಣು ನೋಡೋಕೆ ಬಂದೋನ ಹಾಗೆ ಸುತ್ತಬೇಡ, ಹತ್ತಿ ಕೂತ್ಕೊ."
ನಾನೇ ಸುತ್ತಿದೆ, ಮೂರು ನಿಮಿಷ.
ಅದರಲ್ಲಿ ಎರಡು ಫೋನಿಗೆ ಹೋಯಿತು.

ಓಡತೊಡಗಿದೆವು. ಎದುರಿಗೆ ನಂಜನಗೂಡಿನ ರಸ್ತೆ
ಕ್ಷಣಕ್ಷಣಕ್ಕೂ ದೊಡ್ಡದಾಗುತ್ತ ಬಂತು.
ಇಲ್ಲಿ ಅವನು ಕೂಗಿ ಹೇಳಬೇಕಾದ ಮಾತೊಂದಿದೆ:
ವೇಗಕ್ಕೆ ಜೀವ ಬಂತು.
ಹೇಳಲಿಲ್ಲ.
ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು.
ಅವನ ಗಂಟಲ ಗಂಟು ಏರಿತು,
ಇಳಿಯಿತು.

ಎಂಜಿನ್ ಇಳಿಸಿ, ಬ್ರೇಕು ಒತ್ತಿ, ಅಂತೂ ನಿಲ್ಲಿಸಿದೆ.
ಎಡರೆಕ್ಕೆಯಡಿ, ಗಾಳಿ ಅಳೆಯುವ ಕೊಳವೆಗೆ
ತೆಗೆಯಬೇಕಿದ್ದ ಕೆಂಪು ಕುಲಾವಿ ಹಾಗೇ ಇತ್ತು.

"ಕಂಡಿತ್ತಾ?"
"ಕಂಡಿತ್ತು ಸಾ."
"ಮತ್ತೆ?"
"ನೀವೇ ನೋಡುದ್ರಲ್ಲ ಅಂತ…"

ಗೇಟಿನಾಚೆ ಚಾ ಅಂಗಡಿಯಲ್ಲಿ ಬೈಯಲೆಂದು ಬಾಯಿ ತೆರೆದೆ,
ಬಂದದ್ದು ಬೇರೆ: "ನಿಮ್ಮಪ್ಪ ಏನು ಮಾಡ್ತಾರೆ?"
"ಕೀಲಾರದಲ್ಲಿ ಆಲೆಮನೆ ಸಾ."
"ಕೊಪ್ಪರಿಗೆ ಉಕ್ಕಿದರೆ ಕೂಗೋರು ಯಾರು?"
"ಕಂಡೋರು."
"ಅಪ್ಪ ಪಕ್ಕದಲ್ಲೇ ನಿಂತಿದ್ದರೂ?"
ದಡ್ಡನನ್ನು ನೋಡುವಂತೆ ನನ್ನನ್ನು ನೋಡಿದ, ಮೊದಲ ಸಲ.
"ಆರೊರ್ಸದಲ್ಲಿ ನಾನೇ ಕೂಗಿದ್ದೆ ಸಾ. ಉಕ್ಕಿರಲಿಲ್ಲ, ಬರೀ ಹಬೆ.
ಅಪ್ಪ ಬೈಲಿಲ್ಲ. ಇಂಗೇ ಕೂಗ್ತಿರು ಅಂದ್ರು."

ಚಾ ಆರಿ ಕೆನೆಗಟ್ಟಿತು.
ಹದಿನೇಳು ವರ್ಷ, ಈ ಬಲಗಡೆಯ ಸೀಟು.
ನನ್ನ ಪಕ್ಕ ಕೂತವರು
ಏನೇನು ಕಂಡು ನುಂಗಿಕೊಂಡರೋ,
ಈಗ ಯಾವ ಊರಿನ ಮೇಲೆ
ಯಾರ ಪಕ್ಕ ಕೂತು ನುಂಗುತ್ತಿದ್ದಾರೋ.

ಗುರುವಾರ ಮತ್ತೆ ಹತ್ತಿದೆವು.
ನೆಲದ ಮೇಲೆ ಉರುಳುವಾಗ ಹೆಡ್‌ಫೋನಿನಲ್ಲಿ ಒಂದು ನಡುಗು ದನಿ:
"ಸಾ, ನಿಮ್ ಕಾಲು ಬ್ರೇಕ್ ಮೇಲದೆ."
ಇತ್ತು.
ಸುಳ್ಳೇಕೆ, ಚುರ್ರೆಂದು ಸಿಟ್ಟು ನೆತ್ತಿಗೇರಿತು,
ಹಳೆಯ ಗುಡುಗು ನಾಲಿಗೆಯ ತುದಿಗೇ ಬಂತು.
ಉಕ್ಕುವ ಪಾಕಕ್ಕೆ ಎರಡು ಹನಿ ಹರಳೆಣ್ಣೆ ಬಿಡುತ್ತಾರಂತೆ.
ನನ್ನ ಬಳಿ ಅದೂ ಇರಲಿಲ್ಲ.

ಕಾಲು ತೆಗೆದೆ.