ಹೆಜ್ಜಾರ್ಲೆಗೆ ಹದಿನಾಲ್ಕು ದಿನ

ಎರ್ಮೆಲಿಂದಾ ಅರವತ್ತೊಂದನೆಯ ವಯಸ್ಸಿನಲ್ಲಿ
ಎಡ ಮುಂಗೈ ಮೇಲೆ ಹೆಜ್ಜಾರ್ಲೆ ಹಾಕಿಸಿಕೊಂಡು ಬಂದಳು.
ಹಣೆಯಲ್ಲಿ ಬರೆಯದೆ ಬಿಟ್ಟದ್ದನ್ನು
ದುಡ್ಡು ಕೊಟ್ಟು ಕೈಯಲ್ಲಿ ಬರೆಸಿಕೊಂಡೆ, ಅಂದಳು.

ವಾಲ್ಪರೈಸೊದ ಮೀನುಕಟ್ಟೆಯಲ್ಲಿ ನಮ್ಮ ಮೇಜುಗಳು ಅಕ್ಕಪಕ್ಕ.
ಇಪ್ಪತ್ತಾರು ವರ್ಷ ನಾನು ತಲೆ ಕಡಿದು ಕೊಟ್ಟದ್ದಕ್ಕೆ
ಅವಳು ಹೊಟ್ಟೆ ಬಗೆದಿದ್ದಾಳೆ.
ಹೆಜ್ಜಾರ್ಲೆಗಳೇನು ನಮಗೆ ಹೊಸವೆ?
ಬೆಳಗಾದರೆ ತಗಡಿನ ಮಾಡಿನ ಮೇಲೆ ಸಾಲಾಗಿ ಕೂತು
ಕರುಳಿಗೆ ಕಾಯುತ್ತವೆ,
ಬಾಕಿ ವಸೂಲಿಗೆ ಬಂದವರ ಹಾಗೆ.
ಬಿಟ್ಟಿ ಸಿಗುವುದಕ್ಕೆ ದುಡ್ಡು ಸುರಿದೆಯಲ್ಲೇ, ಅಂದೆ.

ಬರೋನ್ ಗುಡ್ಡ, ನೂರಾ ಮೂವತ್ತು ಮೆಟ್ಟಿಲು.
ಹಲ್ಲಿಗೆ ತಂತಿ ಕಟ್ಟಿಸಿಕೊಂಡ ನಾಯಾರೆತ್ ಎಂಬ ಹುಡುಗಿ
ಮೂರು ಗಂಟೆ ಕೂರಿಸಿದಳಂತೆ.
ನೋವಾಯಿತೇ?
ಮುಳ್ಳು ಉಗುರಿನಡಿ ಹೋದರೆ ಆಗುತ್ತಲ್ಲ, ಹಾಗೆ.
ಆದರೆ ಯಾರೋ ಲೆಕ್ಕ ಇಟ್ಟು, ನಿಧಾನಕ್ಕೆ,
ನೀರು ಬೇಕಾ ಸೆನ್ಯೋರಾ, ನಿಲ್ಲಿಸಲಾ ಸೆನ್ಯೋರಾ, ಎಂದು ಕೇಳುತ್ತ.
ಹಾಗೆ ನನ್ನನ್ನು ಯಾರೂ ಕೇಳಿರಲಿಲ್ಲ,
ಹೆರಿಗೆಯಲ್ಲೂ.

ಅಚ್ಚು ಹಾಕಿಸಿದ ಚೀಟಿಯೊಂದನ್ನು ಕೊಟ್ಟು ಕಳಿಸಿದ್ದಳು:
ಹದಿನಾಲ್ಕು ದಿನ ಉಪ್ಪುನೀರು ಬೇಡ. ಬಿಸಿಲು ಬೇಡ.
ಮೀನಿನ ಮಾತೇ ಅದರಲ್ಲಿ ಇರಲಿಲ್ಲ.
ನಮ್ಮಂಥವಳೊಬ್ಬಳು ಬಂದು ಕೈ ಚಾಚುತ್ತಾಳೆಂದು
ಯಾರಿಗೂ ಹೊಳೆದಿರಲಿಕ್ಕಿಲ್ಲ.
ಹಾಗಾಗಿ ಅವಳ ಪಾಲಿನ ಮೆರ್ಲೂಸಾ ಮೀನನ್ನೂ
ನಾನೇ ಹೆಚ್ಚಿದೆ, ಬೈಯುತ್ತ.
ಅವಳು ಗಲ್ಲಾಪೆಟ್ಟಿಗೆಯ ಮುಂದೆ ಕೂತು
ಒಂದೇ ಕೈಯಲ್ಲಿ ಚಿಲ್ಲರೆ ಎಣಿಸಿದಳು,
ರಾಣಿಯ ಹಾಗೆ, ತಪ್ಪು ತಪ್ಪಾಗಿ.

ಮೊದಲ ರಾತ್ರಿ ಮಸಿ ಒಸರಿ
ದುಪ್ಪಟಿಯಲ್ಲೂ ಒಂದು ಮಸುಕು ಹೆಜ್ಜಾರ್ಲೆ.
ಐದನೆಯ ದಿನ ಹಕ್ಕಿಯ ತುಂಬ ಹಕ್ಕಳೆ,
ಕೊಕ್ಕು ಯಾವುದು ರೆಕ್ಕೆ ಯಾವುದು ತಿಳಿಯದ ಹಾಗೆ
ಕಪ್ಪು ಸಿಪ್ಪೆ ಎದ್ದು ಮಡಿಲಿಗೆ ಉದುರಿತು.
ಕೆರೆಯಬೇಡ, ಅಂದೆ. ಕೆರೆಯಲಿಲ್ಲ, ತಟ್ಟಿದಳು,
ಅಳುವ ಕೂಸನ್ನು ತಟ್ಟುವ ಹಾಗೆ, ಮೆಲ್ಲಗೆ,
ಆಮೇಲೆ ಮೆಲ್ಲಗೇನೂ ಅಲ್ಲ.
ಹುರುಪೆ ತೆಗೆಯುವುದೇ ನಮ್ಮ ಕಸುಬು.
ಇದೊಂದು ಹುರುಪೆ ತಾನಾಗಿ ಬೀಳಲಿ ಎಂದು
ಸುಮ್ಮನೆ ಕೂರುವುದು
ಇಬ್ಬರಿಗೂ ಕಷ್ಟವಾಯಿತು.

ಮಾಗಿತು. ಹಕ್ಕಳೆಯ ಅಡಿಯಿಂದ ಹಕ್ಕಿ ಎದ್ದಿತು,
ಈರುಳ್ಳಿಯ ಒಳಪೊರೆಯಂಥ ತೆಳು ಹೊಳಪು.
ಆಗ ನೋಡಿಕೊಂಡಳು: ಅದರ ಮುಖ ಮೊಣಕೈ ಕಡೆಗೆ.
ಬೆರಳಿನತ್ತ ಅಲ್ಲ, ಕಡಲಿನತ್ತ ಅಲ್ಲ,
ಏನೋ ಮರೆತು ವಾಪಸು ಭುಜಕ್ಕೆ ಹೊರಟ ಹಾಗೆ.
ಕನ್ನಡಿಯಲ್ಲಿ ಸರಿಯಾಗಿತ್ತು, ಅಂದಳು.
ಒಂದು ವಾರ ಉದ್ದ ತೋಳಿನ ಸ್ವೆಟರ್ ತೊಟ್ಟಳು.
ಇಲ್ಲಿ ಜನವರಿಯೆಂದರೆ ಉರಿಬಿಸಿಲು.

ಕಣ್ಣಂಚಿಗೆ ಕಪ್ಪು ಬಿದ್ದರೆ
ನೊಣವೆಂದು ಪಟ್ಟನೆ ಹೊಡೆದುಕೊಳ್ಳುತ್ತಿದ್ದಳು.
ನಿದ್ದೆಗಣ್ಣಲ್ಲಿ ಬಚ್ಚಲಲ್ಲಿ ನಿಂತು
ಕರುಳು ಮೆತ್ತಿದೆಯೆಂದು ಸೋಪು ಹಾಕಿ ಉಜ್ಜಿದಳಂತೆ.
ಪಾದ್ರಿ ಕೇಳಿದಾಗ: ತನ್ನೆದೆ ಕುಕ್ಕಿ ಮರಿಗೆ ಉಣಿಸುವ ಹಕ್ಕಿ, ಫಾದರ್,
ನಿಮ್ಮ ಗಾಜಿನ ಕಿಟಕಿಯಲ್ಲೇ ಇದೆಯಲ್ಲ.
ಅಳಿಯ ಕೇಳಿದಾಗ: ಪಂದ್ಯದಲ್ಲಿ ಸೋತೆ.
ನಾನು ಕೇಳಿದ್ದು ಒಂದೇ ಸಲ. ಚಾಕು ಮಸೆಯುತ್ತಿದ್ದವಳು
ತಲೆಯೆತ್ತದೆ ಅಂದಳು,
ದಿನವಿಡೀ ಕೊಯ್ಯುತ್ತೇವೆ.
ಕೊಯ್ದ ಜಾಗದಲ್ಲಿ ಏನಾದರೂ ಬರುತ್ತದಾ
ನೋಡಬೇಕಿತ್ತು.

ಸಂಜೆ, ಮೇಜು ತೊಳೆದ ಮೇಲೆ,
ಮಾಡಿನ ಮೇಲಿನವುಗಳಿಗೆ ಕರುಳು ಎಸೆಯುತ್ತಾಳೆ.
ಎಡಗೈ ಮೇಲೆತ್ತಿದಾಗ
ಆ ತಿರುಗುಮುಖದ ಹಕ್ಕಿ ತಲೆ ಕೆಳಗಾಗಿ
ನೆಟ್ಟಗೆ ನೀರಿಗೆ ಧುಮುಕುತ್ತಿರುತ್ತದೆ.
ಇದನ್ನು ನಾನು ಅವಳಿಗೆ ಹೇಳಿಲ್ಲ.
ಹದಿನಾಲ್ಕು ದಿನದ ಮೆರ್ಲೂಸಾ ಸಾಲ
ಅವಳು ಇನ್ನೂ ತೀರಿಸಿಲ್ಲ.

ಮುಖಕ್ಕೆ ಒಂದು ದಿನ ಏನೂ ಹಚ್ಚದವಳು
ಬೆಳಿಗ್ಗೆ ಆರಕ್ಕೆ, ಚಾಕು ಹಿಡಿಯುವ ಮೊದಲು,
ಹಚ್ಚೆಗೆ ಹಚ್ಚುತ್ತಾಳೆ
ಬಿಸಿಲು ತಾಗದ ಬಿಳಿ ಮುಲಾಮು.
ಬೆರಳಲ್ಲಿ ಮಿಕ್ಕಿದ್ದನ್ನು
ನನ್ನ ಮೂಗಿಗೆ ಒರೆಸುತ್ತಾಳೆ.