ಕಣಿವೆಯ ಚಿಲ್ಲರೆ

ಮೂವತ್ತೊಂದು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವಳು ನಾನು.
ನೋಟಿನ ಅಂಚು ತಾಕಿದರೆ ಸಾಕು,
ಖೋಟಾ ಯಾವುದೆಂದು ಬೆರಳೇ ಹೇಳುತ್ತಿತ್ತು.
ಡಾಲರ್ ಎಂಬ ಮಾತು ಹುಟ್ಟಿದ್ದು
ಬೊಹೆಮಿಯಾದ ಒಂದು ಇಕ್ಕಟ್ಟು ಕಣಿವೆಯಲ್ಲಿ ಎಂದು ಓದಿ
ಒಮ್ಮೆ ನೋಡಿಬರೋಣ ಅನ್ನಿಸಿತ್ತು,
ಬಾಣಂತಿ ಕೋಣೆಗೆ ಇಣುಕುವ ಹಾಗೆ.

ಯಾಖಿಮೊವ್.
ಒಂದೇ ಬೀದಿ, ಏರುತ್ತಲೇ ಇರುವ ಬೀದಿ.
ಎಷ್ಟೋ ಮನೆಗಳಿಗೆ ಕಿಟಕಿಯಿದೆ, ಗಾಜಿಲ್ಲ.
ಐನೂರು ವರ್ಷದ ಹಿಂದೆ ಬೆಳ್ಳಿ ಅಗೆದು ಇಲ್ಲೇ ನಾಣ್ಯ ಒತ್ತಿದರು.
ಥಾಲ್ ಅಂದರೆ ಕಣಿವೆ, ಥಾಲರ್ ಅಂದರೆ ಕಣಿವೆಯದು;
ಬಾಯಿಂದ ಬಾಯಿಗೆ ಸವೆದು ಡಾಲರ್.
ಟಂಕಸಾಲೆ ಈಗ ವಸ್ತುಸಂಗ್ರಹಾಲಯ.
ಟಿಕೆಟ್ಟಿನ ದರ ಓದಿ, ರಾತ್ರಿಯ ಊಟದ ಲೆಕ್ಕ ಹಾಕಿ,
ಬಾಗಿಲ ಪಕ್ಕದ ಚಿತ್ರಪಟದಲ್ಲೇ ದರ್ಶನ ಮುಗಿಸಿದೆ.

ಕೆಳಗೆ ಅರಮನೆಯಂಥ ಸ್ನಾನಗೃಹ.
ಗಣಿಯಾಳದ ಬೆಚ್ಚನೆ ನೀರು, ಅದರಲ್ಲಿ ಚೂರು ವಿಕಿರಣ,
ಕೀಲುನೋವಿಗೆ ಒಳ್ಳೆಯದಂತೆ, ಗಡಿಯಾರ ನೋಡಿ ಕೂರಿಸುತ್ತಾರೆ.
ನನ್ನ ಮಂಡಿಯೂ ಕೇಳಿತು.
ಸುಮ್ಮನಿರಿಸಿದೆ.

ಸಿಕ್ಕಿದ್ದು ದ್ರಾಹೊಮೀರಾಳ ಅಟ್ಟ.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು
ಆ ಮಂಚ ಕಂಡೇ ಹೇಳಿರಬೇಕು.
ಅವಳದೂ ನನ್ನದೂ ಹರಕು ಇಂಗ್ಲಿಷು, ಅದರಲ್ಲೇ ಚೌಕಾಸಿ.
ತನ್ನ ಹೆಸರಿನ ಮೊದಲ ತುಂಡಿಗೆ
ಅಕ್ಕರೆಯದು ಅಂತಲೂ ಅರ್ಥ, ದುಬಾರಿ ಅಂತಲೂ, ಎಂದು ನಕ್ಕು
ಐವತ್ತು ಕೊರುನಾ ಬಿಟ್ಟಳು.
ಪುಕ್ಕಟೆ ನೋಡುವಂಥದ್ದು ಏನಿದೆ, ಕೇಳಿದೆ.
ಗುಡ್ಡದ ಕಡೆ ಗದ್ದ ಎತ್ತಿದಳು:
'ನರಕ. ಅದಕ್ಕೆ ಟಿಕೆಟ್ಟಿಲ್ಲ.'

ಕಾಲುದಾರಿಗೆ ಹೆಸರೇ ಹಾಗೆ.
ಶೆಡ್ಡುಗಳ ಅಡಿಪಾಯ, ಒಳಗೆ ಬೆಳೆದ ಬರ್ಚ್ ಮರಗಳು,
ತುಕ್ಕಿನ ತಂತಿ, ಮೇಲೊಂದು ಹಕ್ಕಿ.
ಬೆಳ್ಳಿ ಮುಗಿದ ಮೇಲೆ ಯುರೇನಿಯಂ;
ಅಗೆಯಲಿಕ್ಕೆ ಕೈದಿಗಳು.
ಹುಣಿಸೆಬೀಜದಷ್ಟು ಕರಿಗಲ್ಲೊಂದನ್ನು
ಯಾಕೋ ಎತ್ತಿ ಪರ್ಸಿಗೆ ಹಾಕಿಕೊಂಡೆ.

ರಾತ್ರಿ ಸಬ್ಬಸಿಗೆ ಹಾಕಿದ ಸೂಪು.
'ಅಪ್ಪ ಆರು ವರ್ಷ ಅಲ್ಲಿದ್ದ,' ಅಂದಳು, 'ಕರಪತ್ರ ಹಂಚಿದ್ದಕ್ಕೆ.
ಬೇಲಿಗೆ ಹತ್ತಿರ ಇರೋಣವೆಂದು ಅಮ್ಮ ಈ ಮನೆಗೆ ಬಂದಳು.
ಮೊದಲಿದ್ದ ಜರ್ಮನರನ್ನು ಆಗಲೇ ಓಡಿಸಿದ್ದರು.
ಈ ಸೌಟು ಅವರದ್ದು.'
ಬಡಿಸುತ್ತಲೇ ಅಂದಳು:
'ಕೆಳಗೆ ಆ ನೀರಿಗೆ ಈಗ ನಿಮಿಷದ ಲೆಕ್ಕ.
ಅಪ್ಪ ದಿನವಿಡೀ ನಿಂತಿದ್ದ,
ಮೊಣಕಾಲವರೆಗೆ, ಪುಕ್ಕಟೆ.'

ಬಿಟ್ಟ ಐವತ್ತನ್ನು ವಾಪಸು ಕೊಡಬೇಕೆಂದು
ರಾತ್ರಿಯೆಲ್ಲ ಅಂದುಕೊಂಡೆ.
ಬೆಳಿಗ್ಗೆ ಕೊಡಲಿಲ್ಲ.

ಬಸ್ಸಿನ ಮೆಟ್ಟಿಲಲ್ಲಿ ಪರ್ಸು ಬೋರಲು ಹಾಕಿದೆ.
ಅಂಗೈ ತುಂಬ ಚಿಲ್ಲರೆ, ನಡುವೆ ಆ ಕಲ್ಲು.
ಡ್ರೈವರು ಎರಡು ಬೆರಳಲ್ಲಿ
ತನಗೆ ಬೇಕಾದ್ದನ್ನು ಒಂದೊಂದೇ ಆರಿಸಿಕೊಂಡ,
ಥೇಟ್ ನಮ್ಮ ಕೌಂಟರಿನವರ ಹಾಗೆ,
ಮುಖ ನೋಡದೆ.
ಕಲ್ಲನ್ನು ನನ್ನ ಕೈಯಲ್ಲೇ ಬಿಟ್ಟ.